ಹತ್ತು ಸಾವಿರ ಸಲ

ಮತ್ತೆ ಅದೇ ಚುಕ್ಕೆ ಮೊದಲು ಕೆಂಪಾಯಿತಲ್ಲ, ಪರದೆಯ ಬಲಮೂಲೆಯದು, ಈಗ ನೋಡಿದ್ದೋ ಬೆಳಿಗ್ಗೆ ನೋಡಿದ್ದೋ, ಅವಳು ಕಣ್ಣುಜ್ಜಿಕೊಂಡಳು, ನೂರು ಚುಕ್ಕೆ, ನೂರು ಆಸ್ಪತ್ರೆಯ ನೂರು ಕಂಪ್ಯೂಟರು, ಎಲ್ಲದರಲ್ಲೂ ಕಿಡ್ನಿಗಾಗಿ ಕಾಯುವವರ ಅದೇ ಪಟ್ಟಿ, ಒಬ್ಬರು ತಿದ್ದಬೇಕಾದರೆ ಉಳಿದವರು ಒಪ್ಪಬೇಕು, ಬ್ಲಾಕ್‌ಚೈನ್ ಅಂದರೆ ಇಷ್ಟೇ — ನೂರರಲ್ಲಿ ಇಪ್ಪತ್ತು ಕಳ್ಳರು, ಸುಳ್ಳಾಡಿದೊಡನೆ ಕೆಂಪಾಗುವವರು, ಯಾರು ಕಳ್ಳರು, ಯಾವಾಗ ಸುಳ್ಳಾಡುತ್ತಾರೆ ಎಂಬುದನ್ನು ಯಂತ್ರದ ಮರ್ಜಿಗೆ ಬಿಟ್ಟು ಈ ಹುಸಿ ಜಗತ್ತನ್ನು ಹತ್ತು ಸಾವಿರ ಸಲ ಓಡಿಸಿದ್ದಾಳೆ, ಹತ್ತು ಸಾವಿರ ಸಲವೂ ಪಟ್ಟಿ ಕೂದಲು ಕೊಂಕದೆ ನಿಂತಿದೆ, ಐದು ಗಂಟೆಯೊಳಗೆ ಭದ್ರ ಎಂದು ಬರೆದು ಸಹಿ ಹಾಕಿದರೆ ನಾಳೆಯಿಂದ ನಿಜವಾದ ಪಟ್ಟಿ ಇದರಲ್ಲೇ, ನಿಜವಾದ ಪಟ್ಟಿಯಲ್ಲಿ ಅಕ್ಕ, ಏನೇ, ನಿನ್ನ ಕಳ್ಳ ಪೊಲೀಸ್ ಆಟ ಮುಗೀತಾ, ಕಾಗದದ ಪಟ್ಟೀಲಿ ದೊಡ್ಡೋರ ಕಡೆಯೋರೆಲ್ಲ ನನ್ನ ತಲೆ ಮೇಲೆ ಹತ್ಕೊಂಡು ಹೋಗ್ತಿದಾರೆ, ಬೇಗ ಸಹಿ ಹಾಕೇ ತಾಯಿ, ಡಯಾಲಿಸಿಸ್ ಮಂಚದಿಂದ ಫೋನು ಮಾಡುವಾಗಲೂ ಅಕ್ಕನಿಗೆ ನಗು, ಬಾಗಿಲಲ್ಲಿ ಇಣುಕಿದ ಮುಖ್ಯಸ್ಥರು, ಇನ್ನೂ ಏನಮ್ಮ ನೋಡ್ತಿದೀಯ, ಮೊಸರಲ್ಲಿ ಕಲ್ಲು ಹುಡುಕೋದು ಬಿಡು, ಬಿಟ್ಟೆ ಸರ್, ಬಿಟ್ಟೇಬಿಟ್ಟೆ — ಬಲಮೂಲೆ, ನಲವತ್ತೊಂದನೆಯ ಸೆಕೆಂಡು, ಕೆಂಪು, ಇನ್ನೊಮ್ಮೆ ಓಡಿಸಿದಳು, ನಲವತ್ತೊಂದು, ಕೆಂಪು, ಮರ್ಜಿ ಅಂದರೆ ಹೀಗಿರುತ್ತದೆಯೇ, ಹೋದ ವಾರ ಒಂದು ದೋಷದ ಬೆನ್ನು ಹತ್ತಿದ್ದಾಗ, ಅದು ಪ್ರತಿ ಸಲವೂ ಹಾಗೇ ಮರುಕಳಿಸಲಿ ಎಂದು, ಯಂತ್ರದ ಮರ್ಜಿ ಹುಟ್ಟುವ ಆರಂಭದ ಸಂಖ್ಯೆಯನ್ನು ಒಂದಕ್ಕೆ ಕಟ್ಟಿಹಾಕಿದ್ದಳು, ಎಲ್ಲರೂ ಹಾಗೆ ಮಾಡುತ್ತಾರೆ, ಆಮೇಲೆ ಬಿಚ್ಚುತ್ತಾರೆ, ಬಿಚ್ಚಿದ್ದೆನಲ್ಲ, ಬಿಚ್ಚಿದೆನೇ, ತೆರೆದರೆ ಆ ಒಂದು ಅಲ್ಲೇ ಕೂತಿದೆ, ಏನೂ ಗೊತ್ತಿಲ್ಲದವರ ಹಾಗೆ — ಹತ್ತು ಸಾವಿರ ಸಲ ಅಲ್ಲ, ಒಂದು ಸಲ, ಒಂದೇ ಸಲವನ್ನು ಹತ್ತು ಸಾವಿರ ಬಾರಿ ನೋಡಿ ತಲೆದೂಗಿದ್ದು.

ಬಿಚ್ಚಿದಳು, ಓಡಿಸಿದಳು, ಬಲಮೂಲೆ ಈ ಸಲ ಬೆಳ್ಳಗೇ ಇದೆ, ಸದ್ಯ, ಇಲ್ಲ, ನಡುವೆ ಒಂದು ಕೆಂಪು, ಅದರ ಪಕ್ಕದ್ದು, ಮೋಸ ಹೋದವೂ ಕಳ್ಳರ ಬಣ್ಣಕ್ಕೇ ತಿರುಗುತ್ತವೆ, ಐವತ್ತು ಆಸ್ಪತ್ರೆಯಲ್ಲಿ ಒಂದು ಪಟ್ಟಿ, ಐವತ್ತರಲ್ಲಿ ಇನ್ನೊಂದು, ಯಾವುದು ನಿಜ, ಮತ್ತೆ ಕಟ್ಟಿಬಿಟ್ಟರೆ ಯಾರಿಗೆ ತಿಳಿದೀತು, ಹೊಸದಾಗಿ ಪರೀಕ್ಷಿಸಲು ಇನ್ನಾರು ತಿಂಗಳು, ಅಕ್ಕನಿಗೆ ಆರು ತಿಂಗಳು ಇದೆಯೇ, ಸಹಿ ಹಾಕಿದರೆ ಕಳ್ಳರ ಪಟ್ಟಿಯಲ್ಲಿ ಅಕ್ಕ, ಹಾಕದಿದ್ದರೆ ದೊಡ್ಡವರ ಪಟ್ಟಿಯಲ್ಲಿ ಅಕ್ಕ, ಫೋನು ಮೇಜಿನ ಮೇಲೆ ಅದುರುತ್ತಿದೆ, ಮುಗೀತೇನೇ, ಅಕ್ಕಾ, ಇಲ್ಲ ಕಣೇ, ಮುಗ್ದಿಲ್ಲ, ಯಾಕೇ, ಏನಾಯ್ತೇ, ಬೆರಳು ತಾನಾಗಿಯೇ ಮತ್ತೊಮ್ಮೆ ಓಡಿಸಿತು, ಅರ್ಧ ಪರದೆ ಕೆಂಪು, ಹಲೋ, ಕೇಳಿಸ್ತಿದೆಯೇನೇ, ಮತ್ತೊಮ್ಮೆ, ಅರ್ಧ ಪರದೆ ಕೆಂಪು, ಮತ್ತೊಮ್ಮೆ, ಅರ್ಧ ಪರದೆ