ಕೋವಿಮನೆಯ ಬಚ್ಚ ನಾಯ್ಕರು

ಬಚ್ಚ ನಾಯ್ಕರು ತುಟಿಯಲ್ಲೇ ಹೆಜ್ಜೆ ಎಣಿಸುತ್ತ ನಡೆಯುವವರು. ನಡುವೆ ಯಾರಾದರೂ ಮಾತನಾಡಿಸಿ ಎಣಿಕೆ ತಪ್ಪಿಸಿದರೆ ಹೊರಟಲ್ಲಿಗೇ ಹಿಂದಿರುಗಿ ಮತ್ತೆ ಒಂದರಿಂದ ತೊಡಗುತ್ತಿದ್ದರು. ಹಾಗಾಗಿ ಕುಂದಾಪುರದ ಪೇಟೆಯಲ್ಲಿ ಆ ಮಾಸಿದ ಖಾಕಿ ಕೋಟು ಕಾಣಿಸಿದೊಡನೆ ಜನ ಕನಿಕರದಿಂದ ದಾರಿ ಬಿಟ್ಟು ಸುಮ್ಮನಾಗುತ್ತಿದ್ದರು.

ಹೊಳೆಯ ದಂಡೆಯ ಹಳೆಯ ಕೋವಿಮನೆಗೆ ಅವರದು ಇಪ್ಪತ್ತೊಂದು ವರ್ಷಗಳ ಕಾವಲು. ಮಹಾಯುದ್ಧ ಮುಗಿದ ಮರುವರ್ಷ ಲಾರಿಗಳು ಬಂದು ಕೋವಿಗಳನ್ನೂ ಮದ್ದಿನ ಪೆಟ್ಟಿಗೆಗಳನ್ನೂ ಹೇರಿಕೊಂಡು ಹೋದವು. ಉಳಿದದ್ದು ಕೆಂಪುಕಲ್ಲಿನ ಉದ್ದನೆಯ ಶೂನ್ಯ. ಆ ಶೂನ್ಯವನ್ನೂ ನಾಯ್ಕರು ಮೊದಲಿನಷ್ಟೇ ನಿಷ್ಠೆಯಿಂದ ಕಾದರು.

ಮುಂದೊಂದು ಆಷಾಢದಲ್ಲಿ ಹೈಸ್ಕೂಲಿನ ಮೈದಾನ ಮೊಣಕಾಲುದ್ದ ನೀರಿನಲ್ಲಿ ಮುಳುಗಿದಾಗ, ವ್ಯಾಯಾಮದ ಉಮಾನಾಥ ಮಾಸ್ಟರು ಕೊಡೆ ಮಡಚುತ್ತ ಬಂದು, ಮಕ್ಕಳ ಓಟಕ್ಕೆ ಒಳಗೆ ಜಾಗ ಕೊಡಬಹುದೇ ಎಂದು ಕೇಳಿದರು.

"ಹುಕುಂ ಇತ್ತಾ ಮಾಸ್ಟ್ರೇ?"

"ಇಲ್ಲೆ."

"ಹಂಗಾರೆ ಬಾಗ್ಲೂ ಇಲ್ಲೆ."

ಮಾಸ್ಟರು ಜಗಳವಾಡಲಿಲ್ಲ, ಹದಿನೈದು ದಿನ ಕಚೇರಿಗೆ ಅಲೆದು ತಹಶೀಲ್ದಾರರ ಸಹಿಯ ಕಾಗದ ತಂದರು. ನಾಯ್ಕರು ಅದನ್ನು ಬೆರಳಿಟ್ಟು ಮೂರು ಸಲ ಓದಿ, ಕೋಟಿನ ಒಳಜೇಬಿಗೆ ಸೇರಿಸಿ, ಬಾಗಿಲು ತೆರೆದರು. ದಶಕಗಳ ಕೋವಿಎಣ್ಣೆ ಕುಡಿದ ನೆಲದಲ್ಲಿ ಬರಿಗಾಲಿಟ್ಟರೆ ಜಾರುತ್ತಿತ್ತು. ಯಾರೂ ಹೇಳದೆಯೇ, ಬೂದಿ ಮತ್ತು ತೆಂಗಿನ ನಾರು ಹಿಡಿದು ಎಂಟು ದಿನ ಅವರೊಬ್ಬರೇ ಅದನ್ನು ತಿಕ್ಕಿದರು. ಕೋವಿ ಒರಗಿಸುತ್ತಿದ್ದ ಮರದ ಕಂಬಗಳು ಎತ್ತರ ಜಿಗಿತದ ಕಂಬಗಳಾದವು.

ಪಂದ್ಯದ ದಿನ ಮಧ್ಯಾಹ್ನ ಜಡಿಮಳೆ. ಒಣಮೀನಿನ ಬುಟ್ಟಿ ಹೊತ್ತ ಸೀತುವೂ ಅವಳ ಮಗಳು ಮುತ್ತುವೂ ಬಾಗಿಲ ಬಳಿ ಆಶ್ರಯ ಪಡೆದರು. ಹನ್ನೆರಡರ ಮುತ್ತು ಹುಡುಗರ ಓಟ ನೋಡುತ್ತ ನಿಂತಲ್ಲೇ ಕಾಲು ಬಡಿಯುತ್ತಿದ್ದಳು.

"ಓಡ್ತ್ಯಾ ಹೆಣ್ಣೆ?" ಎಂದರು ನಾಯ್ಕರು.

ಅವಳು ಬುಟ್ಟಿ ಇಳಿಸಿಯೇಬಿಟ್ಟಳು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು, "ಹ್ವಾಯ್ ನಾಯ್ಕ್ರೇ, ಮೀನ್ ಮಾರುವರಿಗೆ ಇಲ್ಲೆಂತ ಕೆಲ್ಸ?" ಎಂದು ಗದರಿದರು. ಮಾಸ್ಟರೂ ತಬ್ಬಿಬ್ಬಾದರು. ಕಚೇರಿಯಲ್ಲಿ ಮಾತು ನಡೆಯುವ ಈ ಹಿರಿಯರು ಮುನಿದರೆ ಬಾಗಿಲು ಮತ್ತೆ ಮುಚ್ಚಬಹುದೆಂಬ ಭಯ ಅವರದು.

ನಾಯ್ಕರು ಒಳಜೇಬಿನ ಕಾಗದ ತೆಗೆದು, ಪರೇಡಿನ ಕಂಠದಲ್ಲಿ ಓದಿದರು: "'ತಾಲೂಕಿನ ಮಕ್ಕಳ ಉಪಯೋಗಕ್ಕೆ.' ಮೀನ್ ಮಾರುವರ್ ಮಕ್ಕಳ್ ಬಿಟ್ಟು ಅಂದೇಳಿ ಬರದ್ದಿಲ್ಲೆ. ಹೆಣ್ಣ್ ಮಕ್ಕಳ್ ಬಿಟ್ಟು ಅಂದೂ ಇಲ್ಲೆ. ನಾ ಹುಕುಂ ಮೀರುದಿಲ್ಲೆ."

ಮಾಸ್ಟರು ಮುತ್ತುವನ್ನು ಹುಡುಗರ ಸಾಲಿಗೆ ಸೇರಿಸಿದರು.

ಸೀಟಿ ಕೇಳಿತು. ಮುತ್ತು ನಾಲ್ವರು ಹುಡುಗರ ಜೊತೆ ಹೊರಟು, ನಡುಭಾಗ ದಾಟುವಾಗ ಇಬ್ಬರನ್ನು, ಆಮೇಲೆ ಉಳಿದವರನ್ನೂ ಹಿಂದಿಕ್ಕಿ, ಗುರಿಯ ಗೆರೆಯನ್ನೂ ದಾಟಿ, ಹಾಗೇ ಗೋಡೆಯತ್ತ ನುಗ್ಗಿದಳು. ಕೊನೆಯಿಲ್ಲದ ಕಡಲದಂಡೆಯಲ್ಲಿ ಓಡಿ ಬೆಳೆದ ಹುಡುಗಿಗೆ ಗೋಡೆಯ ಮುಂದೆ ನಿಲ್ಲುವುದು ತಿಳಿದಿರಲಿಲ್ಲ. "ನಿಲ್ಲೇ!" ಎಂದು ಸೀತು ಚೀರಿದಳು. ಗೋಡೆಯ ಬಳಿ ನಿಂತಿದ್ದ ನಾಯ್ಕರು ಎರಡೂ ಕೈ ಚಾಚಿ ಅಡ್ಡ ಬಂದರು, ಹುಡುಗಿ ಅವರ ಎದೆಗೆ ಬಡಿದಳು, ಇಬ್ಬರೂ ಉರುಳಿದರು.

"ಪೆಟ್ಟಾಯ್ತಾ ಅಜ್ಜಯ್ಯ?" ಎಂದಳು ಮುತ್ತು, ಅಳುವ ದನಿಯಲ್ಲಿ.

"ಆಯ್ತ್, ಆಯ್ಲಿ. ನೀ ಗೆದ್ದದ್ದ್ ಗೊತ್ತಾಯ್ತಾ?" ಎಂದು ನಾಯ್ಕರು ಬಿದ್ದಲ್ಲೇ ನಕ್ಕರು. ಅವರ ನಗುವನ್ನು ಊರು ಕಂಡದ್ದು ಅದೇ ಮೊದಲು. ಮುಂದಿನ ವಾರ ಇನ್ನೂ ಮೂವರು ಹುಡುಗಿಯರು ಬಂದರು. ಗದರಿದ ಹಿರಿಯರ ಮೊಮ್ಮಗಳು ಸರಸ ಅವರಲ್ಲೊಬ್ಬಳು.

ಅಪ್ಪಣೆಯ ಅಕ್ಷರಕ್ಕೆ ಅಂಟಿಕೊಂಡವರನ್ನು ನಾವು ಕಲ್ಲೆದೆಯವರೆಂದು ಸುಲಭವಾಗಿ ತೀರ್ಮಾನಿಸುತ್ತೇವೆ. ಆದರೆ ಉದಾರಿಗಳೆನಿಸಿಕೊಂಡವರು 'ಇವರು ಬರಲಿ, ಅವರು ಬೇಡ' ಎಂದು ಮನಸ್ಸಿನಲ್ಲೇ ಆರಿಸುತ್ತಿರುವಾಗ, ಬರೆದದ್ದನ್ನು ಬರೆದಷ್ಟೂ ನಂಬುವ ಇಂಥ ಹಟಮಾರಿಗಳೇ ಒಮ್ಮೊಮ್ಮೆ ಎಲ್ಲರಿಗೂ ನ್ಯಾಯ ಸಲ್ಲಿಸಿಬಿಡುತ್ತಾರೆ.