ಎಂಟೇ ತಿಂಗಳಿಗೆ ತುಂಬಿದ ಗುಂಡಿ

ಪಾಯಖಾನೆಯ ಗುಂಡಿ ಖಾಲಿ ಮಾಡಿಸಿದ ಎಂಟೇ ತಿಂಗಳಿಗೆ ಮತ್ತೆ ತುಂಬಿತ್ತು. ಕಟ್ಟಿದಾಗ ಐದು ವರ್ಷ ಚಿಂತೆಯಿಲ್ಲ ಎಂದಿದ್ದ ಗೌಂಡಿಯ ಮಾತಿಗೆ ಬೆಂಕಿ ಬೀಳಲಿ ಎಂದುಕೊಳ್ಳುತ್ತ ಬಸವೇಶ್ವರಿ ಶಹಾಪುರದ ತನ್ನ ಮನೆಯ ಹಿತ್ತಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಶಾಲೆಗೆ ಅರ್ಧ ದಿನ ರಜೆ ಹಾಕಿದ್ದಾಯಿತು. ಗಂಡ ಭೀಮಾಶಂಕರ ಯಾದಗಿರಿ ಬಸ್ಸು ಹತ್ತಿದ್ದ. ಇಂಥ ಕೆಲಸವಿರುವ ದಿನವೇ ಆ ಮನುಷ್ಯನ ಆಫೀಸಿನಲ್ಲಿ ಮೀಟಿಂಗು, ಅದೇನು ಪುಣ್ಯ ಮಾಡಿ ಬಂದಿದ್ದಾನೋ!

ಅವಳ ಚಿಂತೆ ವಾಸನೆಯದಲ್ಲ, ಅತ್ತೆಯದು. ಮಲಕಮ್ಮ ಹೋದ ವರ್ಷ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಈಗ ತಾನಾಗಿ ಮಾಡುವ ಕೆಲಸ ಒಂದೇ ಉಳಿದಿತ್ತು: ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದು ಕಮೋಡಿಗೆ ಹೋಗಿಬರುವುದು. ಗುಂಡಿ ಉಕ್ಕಿ ನಾಲ್ಕು ದಿನದಿಂದ ಅದೂ ನಿಂತಿತ್ತು. ಹಾಸಿಗೆಯಲ್ಲೇ ಪಾತ್ರೆ ಇಟ್ಟರೆ ಮುದುಕಿ ಊಟವನ್ನೇ ಬಿಟ್ಟಳು. "ಅದೊಂದು ಕಸ್ಕೋಬ್ಯಾಡ ಯವ್ವಾ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಬಸವೇಶ್ವರಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ.

ಗುಂಡಿ ಖಾಲಿ ಮಾಡಲು ಬಂದ ಟ್ಯಾಂಕರಿನ ಅಜರುದ್ದೀನ ಪೈಪಿನಲ್ಲಿ ಹೊಲಸು ಎಳೆದಾದ ಮೇಲೆ ಟಾರ್ಚು ಬಿಟ್ಟು ಒಳಗೆ ನೋಡಿದ.

"ಅಕ್ಕಾರ, ಇದರಾಗ ಜೀವಾನೇ ಇಲ್ರಿ. ಹೊಲಸು ಕರಗಿಸೋ ಹುಳಾ ಎಲ್ಲಾ ಸತ್ತಾವ. ಫಿನಾಯಿಲ್ ಯಾರು ಸುರುವಾಕತ್ತಾರ?"

"ನಾ ವಾರಕ್ಕೊಮ್ಮಿ ಒಂದು ಮುಚ್ಚಳ ಹಾಕ್ತೀನಪಾ, ಅಷ್ಟ."

"ಮುಚ್ಚಳದ್ದಲ್ರಿ ಇದು. ಬಾಟ್ಲಿಗಟ್ಟಲೆ ಬಿದ್ದದ."

"ಹಂಗಾದ್ರ ತಳಾ ಸ್ವಚ್ಛ ತೊಳದುಬಿಡು."

"ತೊಳಿಬಾರದ್ರಿ! ತಳದಾಗ ಒಂದು ಗೇಣು ಬಿಟ್ಟೀನಿ, ಅದು ಹೆಪ್ಪಿದ್ದಂಗ. ಹೆಪ್ಪಿಲ್ಲದ ಮಸರು ಆಗ್ತದೇನ್ರಿ? ನೀರು ತುಂಬಿಸ್ರಿ, ಜಳಕದ ನೀರು ಹೊರಗ ಬಿಡ್ರಿ. ಫಿನಾಯಿಲ್, ಆ್ಯಸಿಡ್ ತೋರಿಸಲೇಬ್ಯಾಡ್ರಿ. ಇನ್ನೊಮ್ಮಿ ಹಿಂಗಾದ್ರ ಇಂಗುಗುಂಡಿನೂ ಕಟ್ಕೊಂತದ. ಹಿತ್ತಲಾ ಎಲ್ಲಾ ಅಗೀಬೇಕು, ತಿಂಗಳುಗಟ್ಟಲೆ ಪಾಯಖಾನಿ ಬಂದ್."

ಆ ದಿನ ಬಸವೇಶ್ವರಿ ಮೊಸರು ಮುಟ್ಟಲಿಲ್ಲ. ಆದರೆ ಮಾತು ಪಾಲಿಸಿದಳು. ತನ್ನ ಫಿನಾಯಿಲು ಬಾಟಲಿ ಎಸೆದಳು, ಜಳಕದ ನೀರನ್ನು ಕರಿಬೇವಿನ ಗಿಡಕ್ಕೆ ತಿರುಗಿಸಿದಳು. ಸಂಜೆ ಗಂಡನನ್ನು ಹಿಡಿದು ಕೇಳಿದರೆ, "ನಿನ್ನಾಣಿ, ನಾ ಮುಟ್ಟಿಲ್ಲ" ಎಂದ. ಆ ಮಹಾರಾಯ ಜನ್ಮದಲ್ಲಿ ಪಾಯಖಾನೆ ತೊಳೆದವನಲ್ಲ, ಹಾಗಾಗಿ ಅವಳು ಕೂಡಲೇ ನಂಬಿದಳು. ಮಲಕಮ್ಮನಿಗೆ ಕಿವಿ ಮಂದ, ಹಿತ್ತಿಲಿನ ಮಾತು ಆಕೆಯ ತನಕ ಹೋಗಿರಲಿಲ್ಲ. ಆಕೆಗೂ ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಮರುದಿನದಿಂದಲೇ ಮುದುಕಿ ಗೋಡೆ ಹಿಡಿದು ನಡೆಯತೊಡಗಿದಳು, ಉಣ್ಣತೊಡಗಿದಳು.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರೆ ಮನೆ ತುಂಬ ಫಿನಾಯಿಲಿನ ಘಾಟು. ಪಾಯಖಾನೆಯ ಬಾಗಿಲು ತೆರೆದಿತ್ತು. ಮಲಕಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಬಾಟಲಿಯನ್ನು ಕಮೋಡಿಗೆ ಬಗ್ಗಿಸುತ್ತಿದ್ದಳು.

"ಅಯ್ಯ ನನ್ನ ಹಣೇಬರಹನ! ಏನ್ ಮಾಡಾಕತ್ತೀರಿ ಅತ್ತೀ?" ಬಸವೇಶ್ವರಿ ಚೀರಿ ಬಾಟಲಿ ಕಿತ್ತುಕೊಂಡಳು. "ಎಲ್ಲಿಂದ ಬಂತಿದು?"

"ಬಾಜೂ ಮನಿ ಅಖ್ತರಬೇಗಂ ತಂದುಕೊಡ್ತಾಳ."

ಮಂಚದ ಕೆಳಗಿನ ಟ್ರಂಕಿನಲ್ಲಿ, ಇಳಕಲ್ ಸೀರೆಯ ಅಡಿಯಲ್ಲಿ, ಇನ್ನೂ ನಾಲ್ಕು ಬಾಟಲಿಗಳಿದ್ದವು.

"ದಿನಾ ಹಾಕ್ತೀರೇನ್ರಿ?"

"ಹೋದಾಗೊಮ್ಮಿ." ಮುದುಕಿ ಮಂಚದ ಅಂಚಿಗೆ ಕುಳಿತಳು. "ನಸಕಿನ್ಯಾಗ ಚರಿಗಿ ಹಿಡ್ಕೊಂಡು ಬಯಲಿಗೆ ಹೋದಾಕಿ ನಾ. ಯಾರಿಗೂ ಗೊತ್ತಾಗಬಾರದಂತ ಹೊಟ್ಟಿ ಹಿಡ್ಕೊಂಡು ದಿನಾ ಕಳದಾಕಿ. ಈಗ ಗ್ವಾಡಿ ಆಚಿಗೆ ನೀ ರೊಟ್ಟಿ ಬಡಿತಿರ್ತಿ, ಈಚಿಗೆ ನಾ... ನಿನಗ ವಾಸನಿ ಬಂದೀತಂತ, ಯವ್ವಾ."

ಬಸವೇಶ್ವರಿ ಆಕೆಯ ಕಿವಿಯ ಹತ್ತಿರ ಬಾಯಿಟ್ಟು ಗುಂಡಿಯ ಕಥೆಯನ್ನೆಲ್ಲ ಹೇಳಿದಳು.

"ಅಂದ್ರ ನಾನೇ ನನ್ನ ಕಾಲು ಕಟ್ಟಿದ್ನೇನ?" ಎಂದಳು ಮಲಕಮ್ಮ.

ಬಸವೇಶ್ವರಿ ಬಾಟಲಿಗೆ ಮುಚ್ಚಳ ಹಾಕಿ ಬದಿಗಿಟ್ಟಳು. ಸಾಕಾಗಿತ್ತು. ಹೊಸ್ತಿಲ ಮೇಲೆ ಕುಸಿದು ಕುಳಿತಳು. "ನಾರಲಿ ಬಿಡ್ರಿ ಅತ್ತೀ. ನೀವು ನಡಿಯೋದು ನಿಂತ್ರ ನನ್ನ ಕೈಲಿ ತಾಳಾಕ ಆಗಂಗಿಲ್ಲ."

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಗೋಡೆಗುಂಟ ಕೈ ಸವರುವ ಸಪ್ಪಳ ಬಂತು. ಬಾಗಿಲು ಹಾಕಿಕೊಂಡಿತು. ಬಹಳ ಹೊತ್ತಿನ ಮೇಲೆ ಒಳಗಿಂದ ಸಣ್ಣ ದನಿ ಕೇಳಿತು: "ವಾಸನಿ ಬಂತೇನ, ಯವ್ವಾ?"

"ಬಂತ್ರಿ," ಬಸವೇಶ್ವರಿ ದೊಡ್ಡ ದನಿಯಲ್ಲಿ ಕೂಗಿದಳು, ಕೈ ನಿಲ್ಲಿಸದೆ. "ಕೈ ತೊಳ್ಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವ."