ಎಡಕ್ಕೆ ಕೂರಬೇಕಾದ ಚಕ್ರ

"ಟೀ ಅಲ್ಲಿಡು. ಹತ್ತಿರ ಬರಬೇಡ," ಎಂದ ಮೇಸ್ತ್ರಿ, ತಲೆ ಎತ್ತದೆ.

ಚೈನ್ ಪುಲ್ಲಿಗೆ ನೇತುಬಿದ್ದಿದ್ದ ಕ್ರೌನ್ ವೀಲು ಟ್ರ್ಯಾಕ್ಟರಿನ ತೆರೆದ ಹಿಂಭಾಗದೊಳಗೆ ಮೆಲ್ಲಗೆ ಇಳಿಯುತ್ತಿತ್ತು. ಅವನ ಒಂದು ಕೈ ಸರಪಳಿಯ ಮೇಲೆ, ಇನ್ನೊಂದು ಚಕ್ರದ ಹಲ್ಲುಗಳ ಮೇಲೆ. ಮಗಳು ಲೋಟವನ್ನು ಮೇಜಿನ ಮೇಲೆ, ತೊಳೆದು ಒರೆಸಿಟ್ಟ ಬೇರಿಂಗುಗಳ ಪಕ್ಕದಲ್ಲಿಟ್ಟಳು. ಇಟ್ಟವಳು ಒಮ್ಮೆ ಒಳಗೆ ಇಣುಕಿದಳು. ಹೊರಡಲು ತಿರುಗಿದವಳು ನಿಂತು ಇನ್ನೊಮ್ಮೆ ಇಣುಕಿದಳು. ಚಕ್ರ ಬಲಕ್ಕೆ ಕೂರುತ್ತಿತ್ತು.

ಈ ಜಾತಿಯ ಹಳೇ ಗಾಡಿಗಳಲ್ಲಿ ಅದೊಂದು ತಾಪತ್ರಯ. ಗೇರ್ ಬಾಕ್ಸಿನಿಂದ ಬರುವ ಪುಟ್ಟ ಪಿನಿಯನ್ನಿನ ಎಡಗಡೆ ಇರಬೇಕಾದ ಈ ದೊಡ್ಡ ಹಲ್ಲುಚಕ್ರ ಬಲಗಡೆಯೂ ಅಷ್ಟೇ ಚೆನ್ನಾಗಿ ಕೂರುತ್ತದೆ. ಬೋಲ್ಟುಗಳು ಹೊಂದುತ್ತವೆ, ಹಲ್ಲಿಗೆ ಹಲ್ಲು ಕಚ್ಚುತ್ತದೆ, ಅಪಸ್ವರವೂ ಬರುವುದಿಲ್ಲ. ಗಾಡಿ ಮಾತ್ರ ಉಲ್ಟಾ ಓಡುತ್ತದೆ. ಮುಂದಕ್ಕೆ ಹೋಗುವ ಗೇರುಗಳೆಲ್ಲ ಹಿಂದಕ್ಕೆ ಒಯ್ಯುತ್ತವೆ, ರಿವರ್ಸ್ ಒಂದೇ ಮುಂದಕ್ಕೆ. ಇದನ್ನು ಅವಳಿಗೆ ಹೇಳಿಕೊಟ್ಟವನು ಅಪ್ಪನೇ. ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಈಗ ಹೇಳಿದರೆ ಅರ್ಧ ಗಂಟೆಯ ಕೆಲಸ. ಎತ್ತಿ, ತಿರುಗಿಸಿ, ಮತ್ತೆ ಇಳಿಸಬೇಕು, ಅಷ್ಟೆ. ಅವಳು ಬಾಯಿ ತೆರೆದಳು ಕೂಡ.

"ಏನು ಪುಟ್ಟಿ?"

"ಟೀ ಆರುತ್ತೆ," ಎಂದಳು.

ಪುಟ್ಟಿಗೆ ನಲವತ್ತು ದಾಟಿತ್ತು. ಅರ್ಧ ಆಯಸ್ಸನ್ನು ಆ ಶೆಡ್ಡಿನ ಗ್ರೀಸಿನಲ್ಲೇ ಕಳೆದಿದ್ದಳು. ಆದರೂ ಬಂದವರು ಅವಳ ತಲೆಯ ಮೇಲಿಂದ ಒಳಗೆ ನೋಡಿ, "ಮೇಸ್ತ್ರಿ ಇಲ್ವಾ?" ಎಂದು ಕೇಳುವುದು ತಪ್ಪಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಮೇಸ್ತ್ರಿ ಯಾರದೋ ಗಾಡಿಯ ಚಕ್ರ ಹಾಕಿ ನಟ್ಟು ಬಿಗಿ ಮಾಡುವುದನ್ನೇ ಮರೆತ. ಚಕ್ರ ಕಳಚಿ ಗಾಡಿ ಹೊಲದಲ್ಲಿ ವಾಲಿತು. ಯಾರಿಗೂ ಏನೂ ಆಗದ್ದು ಪುಣ್ಯ. ಅಂದಿನಿಂದ ಅಪ್ಪ ಮಗಳಿಗೆ ದಿನಾ ಜಟಾಪಟಿ. ಕೊನೆಗೆ ಅವನೇ ರೇಗಿ ಒಂದು ಮಾತು ಆಡಿದ.

"ಈ ಮುದಿ ಗಾಡೀನ ನಾನೊಬ್ಬನೇ ಬಿಚ್ಚಿ ಕಟ್ತೀನಿ. ನೀನು ಒಂದು ಸ್ಪ್ಯಾನರೂ ಮುಟ್ಟಬಾರದು, ತುಟಿ ಬಿಚ್ಚಬಾರದು. ಎಡವಟ್ಟಾದ್ರೆ ಶೆಡ್ಡಿನ ಬೀಗದ ಕೈ ನಿಂದು. ಸರಿಯಾದ್ರೆ, ಇನ್ಮೇಲೆ ನನ್ನ ವಯಸ್ಸಿನ ಸುದ್ದಿ ಎತ್ತಕೂಡದು."

ಮುದಿ ಗಾಡಿ ಮೇಸ್ತ್ರಿಗಿಂತ ಹಿರಿಯದು. ಅದರ ಯಜಮಾನ ಹಲ್ಲಿನ ಡಾಕ್ಟರು. ಅವರ ತಾತ ಕೊಂಡದ್ದಂತೆ. ಮೇಸ್ತ್ರಿ ಅದನ್ನು ಸೊಂಟದಲ್ಲಿ ಎರಡು ಭಾಗ ಮಾಡಿ, ಗೇರ್ ಬಾಕ್ಸನ್ನು ಪೂರ್ತಿ ಹೊರಗೆ ಹರವಿದ. ಸವೆದ ಗೇರು, ಸದ್ದು ಮಾಡುವ ಬೇರಿಂಗು, ಕಲ್ಲಾಗಿದ್ದ ಆಯಿಲ್ ಸೀಲುಗಳನ್ನೆಲ್ಲ ಬದಲಾಯಿಸಿ ಮತ್ತೆ ಜೋಡಿಸಿದ. ಅಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ದೂರದಿಂದಲೇ ನೋಡುತ್ತಿದ್ದ ಮಗಳು, ತನ್ನ ಆಸೆಗೆ ಮಣ್ಣು ಬಿತ್ತು ಎಂದುಕೊಂಡಿದ್ದಳು. ಟೀ ತಂದ ದಿನದ ತನಕ.

ತುಟಿ ಬಿಚ್ಚಬಾರದೆಂದು ಅವನೇ ಹೇಳಿದ್ದನಲ್ಲ, ಎಂದು ಸಮಾಧಾನ ಮಾಡಿಕೊಂಡಳು. ಆಕ್ಸಲ್‌ಗಳು ಕೂತ ಮೇಲೆ ಅರ್ಧ ಗಂಟೆಯ ಕೆಲಸ ಒಂದಿಡೀ ದಿನದ್ದಾಯಿತು. ದೊಡ್ಡ ಚಕ್ರಗಳು ಏರಿ ಎಣ್ಣೆ ತುಂಬಿದ ಮೇಲೆ ಲೆಕ್ಕ ಹಾಕುವುದನ್ನೇ ಬಿಟ್ಟಳು. ಮೇಸ್ತ್ರಿ ಶಿಳ್ಳೆ ಹಾಕುತ್ತ ಕೆಲಸ ಮಾಡಿದ, ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡ. ಊಟ ಸೇರದಿದ್ದುದು ಗೆಲ್ಲಲಿದ್ದವಳಿಗೆ.

ಗಾಡಿ ಹೊರಡುವ ದಿನ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು.

"ಹಲ್ಲೆಲ್ಲ ಗಟ್ಟಿ ಇದಾವಾ ಮೇಸ್ತ್ರಿ? ಇಲ್ಲಾಂದ್ರೆ ಹೇಳಿ, ಕಿತ್ತು ಹೊಸ ಸೆಟ್ಟು ಕಟ್ಟಿಕೊಡ್ತೀನಿ."

"ನೀವು ಕಟ್ಟಿದ ಸೆಟ್ಟಿಗಿಂತ ಗಟ್ಟಿ ಇದಾವೆ ಡಾಕ್ಟ್ರೇ," ಎಂದು ಮೇಸ್ತ್ರಿ ಸೀಟಿಗೆ ಹತ್ತಿದ.

ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಮುಂದೆ ಬಾಗಿಲು ಪೂರ್ತಿ ತೆರೆದಿತ್ತು. ಅವನು ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಟ್ರ್ಯಾಕ್ಟರು ಸಲೀಸಾಗಿ ಹಿಂದಕ್ಕೆ ಬಂದು ಮೇಜಿಗೆ ಒರಗಿತು. ಬಿಚ್ಚಿಟ್ಟ ಹಳೇ ಬೇರಿಂಗಿನ ಡಬ್ಬಿ ಉರುಳಿ ಬಿತ್ತು.

ಅವನು ಗೇರಿನ ಕಡ್ಡಿಯನ್ನೇ ನೋಡುತ್ತ ಕೂತ. ಆಮೇಲೆ ಎಂಜಿನ್ ಆರಿಸಿ ಇಳಿದ.

"ಕ್ರೌನ್ ವೀಲ್ ಉಲ್ಟಾ ಕೂರಿಸಿದೀನಿ ಡಾಕ್ಟ್ರೇ. ನನ್ನದೇ ತಪ್ಪು. ಮತ್ತೆ ಬಿಚ್ಚಬೇಕು."

ಡಾಕ್ಟರಿಗೆ ಪೂರ್ತಿ ಅರ್ಥವಾಗಲಿಲ್ಲ. ಅವನ ಮುಖ ಅರ್ಥವಾಯಿತು. "ಬಿಡಿ, ನಾನೂ ಒಂದ್ಸಲ ಹುಳುಕು ಹಲ್ಲು ಬಿಟ್ಟು ಪಕ್ಕದ್ದನ್ನ ಕಿತ್ತಿದ್ದೆ. ಅದನ್ನ ಮತ್ತೆ ಕೂರಿಸೋಕಾಗಲ್ಲ, ನಿಮ್ಮದಾದ್ರೂ ಆಗುತ್ತೆ," ಎಂದು ಭುಜ ತಟ್ಟಿ ಹೋದರು.

ಮೇಸ್ತ್ರಿ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ.

"ಅವತ್ತು ಟೀ ತಂದಾಗ ಎರಡು ಸಲ ನೋಡಿದೆಯಲ್ಲ," ಎಂದ. "ಗೊತ್ತಾಗಿತ್ತಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಾಗಿತ್ತಪ್ಪಾ."

ಅವನು ಹಳೇ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ನಾನು, ಕೆಲಸ ಮೆಚ್ಚಿ ನೋಡ್ತಿದೀಯ ಅಂದ್ಕೊಂಡೆ."

ಅಷ್ಟೇ ಅಂದು ಮನೆಗೆ ಹೋದ. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಚೆಲ್ಲಾಪಿಲ್ಲಿಯಾಗಿದ್ದ ಬೇರಿಂಗುಗಳನ್ನು ಆರಿಸಿಟ್ಟು, ಬೀಗ ಹಾಕಿಕೊಂಡು ಹೊರಟಳು.

ಮರುದಿನ ಬೆಳಗ್ಗೆ ಅವಳು ಬರುವ ಹೊತ್ತಿಗೆ ಅಪ್ಪ ಮುಚ್ಚಿದ ಬಾಗಿಲ ಹೊರಗೆ, ಬೋರಲು ಹಾಕಿದ ಡಬ್ಬದ ಮೇಲೆ ಕೂತಿದ್ದ. ಕೆಲಸದ ಅಂಗಿ ಹಾಕಿಕೊಂಡೇ ಬಂದಿದ್ದ. ಇಷ್ಟು ವರ್ಷ ಅವಳು ಬರುವ ಮೊದಲೇ ಬಾಗಿಲು ತೆರೆದಿರುತ್ತಿತ್ತು. ಆ ಬೀಗವನ್ನು ಅವಳು ಒಮ್ಮೆಯೂ ತೆಗೆದವಳಲ್ಲ. ಬೀಗದ ಕೈ ಹಾಕಿ ತಿರುಗಿಸಿದಳು. ಕದಲಲಿಲ್ಲ. ಇನ್ನೊಮ್ಮೆ ಬಲ ಹಾಕಿದಳು. ಬೆನ್ನ ಹಿಂದೆ ಅಪ್ಪ ನೋಡುತ್ತಿದ್ದ. ಅತ್ತ ತಿರುಗದೆ ಬೀಗವನ್ನೇ ಅಲುಗಾಡಿಸಿದಳು.

"ಸ್ವಲ್ಪ ಮೇಲಕ್ಕೆತ್ತು," ಎಂದ ಅವನು, ಕೂತಲ್ಲಿಂದಲೇ. "ಹಾಂ. ಈಗ ಎಡಕ್ಕೆ."

ಬೀಗ ಬಿಚ್ಚಿಕೊಂಡಿತು. ಅವನು ಎದ್ದು ಬಂದು, ಅವಳು ಮೊದಲು ಒಳಗೆ ಹೋಗಲೆಂದು ಬಾಗಿಲ ಪಕ್ಕ ನಿಂತ.